ದ್ರೋಹಿ ಎದ್ದು ನಿಲ್ಲಬೇಕು

ನಾನು ಒಂದು ಆಟದ ಹಲಗೆ. ಪಗಡೆಯದಲ್ಲ, ಚದುರಂಗದ್ದೂ ಅಲ್ಲ. ನನ್ನ ಎದೆಯ ಮೇಲಿರುವುದು ಕಿತ್ತೂರಿನ ಕೋಟೆ. ಹುಟ್ಟಿನ ಬಗ್ಗೆ ಜಂಬ ಕೊಚ್ಚಿಕೊಳ್ಳುವಂಥದ್ದೇನೂ ಇಲ್ಲ ಬಿಡಿ. ಬೈಲಹೊಂಗಲದ ಕಡೆಯ ಒಂದು ಸಣ್ಣ ಊರಿನ ಶಾಲೆಯಲ್ಲಿ ಮೊದಲು ಬೆಂಚಾಗಿದ್ದೆ. ಕಾಲು ಮುರಿದ ಮೇಲೆ ಬಿಸಿಯೂಟದ ಒಲೆಗೆ ಹೊರಟಿದ್ದೆ. ಏಳನೆಯ ತರಗತಿಗೆ ಇತಿಹಾಸ ಹೇಳುತ್ತಿದ್ದ ಶಕುಂತಲಾ ಅಕ್ಕೋರು ದಾರಿಯಲ್ಲೇ ನನ್ನನ್ನು ಕಿತ್ತುಕೊಂಡು ಬಡಿಗೇರ ಕಾಳಪ್ಪನ ಮುಂದೆ ಇಟ್ಟರು. ನಮ್ಮ ಕಡೆ ಹೆಣ್ಣು ಶಿಕ್ಷಕಿಯರನ್ನು ಅಕ್ಕೋರು ಎಂದೇ ಕರೆಯುವುದು.

"ಇದರ ಮ್ಯಾಲೆ ಕಿತ್ತೂರ ಕ್ವಾಟಿ ಕೆತ್ತಿ ಕೊಡಪಾ ಕಾಳಪ್ಪ. ಹುಡುಗೂರು ಇಸವಿ ಬಾಯಿಪಾಠ ಮಾಡ್ತಾವ, ಪರೀಕ್ಷಾ ಮುಗದ ಮರುದಿನ ಮರ್ತ ಬಿಡ್ತಾವ. ಕೈಲೆ ಆಡಿದ್ರ ನೆನಪಿರತೈತಿ."

ಕಾಳಪ್ಪ ಹದಿನೈದು ದಿನ ಕೆತ್ತಿದ. ಗೋಡೆ, ಬಾಗಿಲು, ಬುರುಜು, ಮದ್ದಿನ ಮನೆ ಎಲ್ಲ ಮೂಡಿದವು. ಕೊನೆಗೆ ನನ್ನನ್ನು ಮಗುಚಿ, ಕಾಯಿಸಿದ ಮೊಳೆಯಿಂದ ಹೊಟ್ಟೆಯ ಮೇಲೆ ಎರಡು ಹೆಸರು ಸುಟ್ಟು ಬರೆದ: ಅಕ್ಕೋರದು, ತನ್ನದು. ಅಬ್ಬಬ್ಬಾ, ಏನು ಉರಿ! ಆದರೂ ಹೆಮ್ಮೆಯಾಯಿತು.

ಆಟ ಸರಳ. ಒಂದು ಕಡೆ ಕುಂಪಣಿ ಸರಕಾರ, ಇನ್ನೊಂದು ಕಡೆ ಕಿತ್ತೂರು. ಎರಡನೆಯ ಯುದ್ಧದಲ್ಲಿ ಒಳಗಿನವರೇ ತೋಪಿನ ಮದ್ದಿಗೆ ಸಗಣಿ ಬೆರೆಸಿದರೆಂದು ನಮ್ಮ ಕಡೆ ಜನ ಇಂದಿಗೂ ಹೇಳುತ್ತಾರೆ. ಅದಕ್ಕೇ ಕಿತ್ತೂರಿನ ಕಡೆಯವರೆಲ್ಲ ಆಟಕ್ಕೆ ಮೊದಲು ಮಡಿಸಿದ ಒಂದೊಂದು ಚೀಟಿ ಎತ್ತಬೇಕು. ಒಂದರಲ್ಲಿ ಮಾತ್ರ 'ದ್ರೋಹಿ' ಎಂದು ಇರುತ್ತದೆ. ಅದು ಸಿಕ್ಕವರು ಯಾರಿಗೂ ಕಾಣದಂತೆ ಮದ್ದಿನ ಡಬ್ಬಿಗೆ ಸಗಣಿಯ ಚೀಟಿ ಹಾಕಬೇಕು. ತೋಪು ಹಾರಿಸುವಾಗ ಡಬ್ಬಿಯಿಂದ ಸಗಣಿ ಬಂದರೆ ಹುಡುಗರು ಬಿದ್ದು ಬಿದ್ದು ನಗುತ್ತಿದ್ದರು, ಅಷ್ಟರಲ್ಲಿ ಕೋಟೆಯ ಒಂದು ಗೋಡೆ ಹೋಗಿರುತ್ತಿತ್ತು.

ಆದರೆ ಆಟದ ಜೀವ ಇದ್ದದ್ದು ಕೊನೆಯ ನಿಯಮದಲ್ಲಿ. "ಆಟ ಮುಗದ ಮ್ಯಾಲೆ ದ್ರೋಹಿ ಎದ್ದು ನಿಂದರಬೇಕು. ಯಾಕ ಮಾಡಿದೆ ಅಂತ ಹೇಳಬೇಕು. ಆವಾಗ ಅವರನ್ನ ಯಾರು ಕೇಳಿದ್ರೋ ಇಲ್ಲೋ, ನಾವರೆ ಕೇಳೋಣು" ಎನ್ನುತ್ತಿದ್ದರು ಅಕ್ಕೋರು. ಒಬ್ಬ, ಕುಂಪಣಿಯವರು ಕುದುರೆ ಕೊಡುತ್ತೇವೆಂದರು ಎಂದ. ಇನ್ನೊಬ್ಬಳು, ರಾಣಿ ನನ್ನ ಮಾತು ಕೇಳಲಿಲ್ಲ ಎಂದಳು. ಒಬ್ಬ ಹುಡುಗ, "ನನಗ ಅಂಜಿಕಿ ಬಂತ್ರೀ" ಎಂದು ಅತ್ತೇ ಬಿಟ್ಟ. ವರ್ಷಕ್ಕೊಮ್ಮೆ ಅಕ್ಕೋರು ಎಲ್ಲರನ್ನೂ ಕಿತ್ತೂರಿಗೆ ಕರೆದೊಯ್ದು ಬಿದ್ದ ಗೋಡೆ ತೋರಿಸಿ, ಇದರಲ್ಲಿ ನಮಗೆ ಗೊತ್ತಿರುವುದೆಷ್ಟು, ಜನ ಹೇಳಿದ್ದೆಷ್ಟು ಎಂದು ಕೇಳುತ್ತಿದ್ದರು.

ಪಕ್ಕದ ಕೋಣೆಯಲ್ಲಿ ಗಣಿತ ಹೇಳುತ್ತಿದ್ದ ಚಂದ್ರಕಾಂತ ಮಾಸ್ತರರೂ ಆಡಲು ಬರುತ್ತಿದ್ದರು. ದ್ರೋಹಿ ಚೀಟಿ ಸಿಕ್ಕಿತೋ, ಅವರ ಕಿವಿ ಕೆಂಪಗಾಗಿ ಬಿಡುತ್ತಿತ್ತು. "ಸರ ಕಿವಿ ನೋಡ್ರಿ!" ಎಂದು ಮಕ್ಕಳು ಕೂಗುತ್ತಿದ್ದವು. ನನ್ನಂತೆ ಕೆಳಗೆ ಮಲಗಿರುವವರಿಗೆ ಜನರ ಗದ್ದ, ಮೂಗಿನ ಹೊಳ್ಳೆ, ಕಿವಿ ಇವೇ ಚೆನ್ನಾಗಿ ಕಾಣುವುದು. ಪಾಪ, ಸುಳ್ಳಾಡಲು ಬಾರದ ಮನುಷ್ಯ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಜಿಲ್ಲಾ ಕಲಿಕೋಪಕರಣ ಪ್ರದರ್ಶನಕ್ಕೆ ನನ್ನನ್ನು ಕಳಿಸಬೇಕೆಂದಾಯಿತು. ಅದೇ ದಿನ ಅಕ್ಕೋರಿಗೆ ಚುನಾವಣೆ ಕೆಲಸದ ತರಬೇತಿ ಬಂತು. "ಮಾಸ್ತರ, ನೀವ ಒಯ್ಯಿರಿ. ನಿಮ್ಮ ಕೈಯಾಗ ಇದ್ರ ನನ್ನ ಕೈಯಾಗ ಇದ್ದಂಗ" ಎಂದು ನನ್ನನ್ನು ಹಳೇ ಸೀರೆಯಲ್ಲಿ ಸುತ್ತಿ ಕೊಟ್ಟರು.

ಮಾಸ್ತರರು ಬಸ್ಸಿನಲ್ಲಿ ನನ್ನನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದರು. ಪ್ರದರ್ಶನದ ಮೂಲೆಯಲ್ಲಿ ನನ್ನನ್ನು ಮಗುಚಿ ಆ ಎರಡು ಹೆಸರನ್ನು ಬಹಳ ಹೊತ್ತು ನೋಡಿದರು. ಆಮೇಲೆ ಗೋಂದು ಸವರಿ ಅವುಗಳ ಮೇಲೆ ಒಂದು ಚೀಟಿ ಅಂಟಿಸಿದರು. ಅದರ ಮೇಲೆ ಇದ್ದದ್ದು ಒಂದೇ ಹೆಸರು. ಇಲ್ಲಿಂದ ಮುಂದೆ ಆತನಿಗೆ ನಾನು ಬಹುವಚನ ಕೊಡಲಾರೆ, ಕ್ಷಮಿಸಿ. ಮೊದಲ ಬಹುಮಾನ ಬಂತು, ಶಾಲು ಹೊದಿಸಿದರು, ಫೋಟೋ ತೆಗೆದರು. ನಾನು ಆತನ ಕೈಯಲ್ಲೇ ಇದ್ದೆ, ಮೇಲೆ ನೋಡಿದೆ. ಕಿವಿ ಕೆಂಪಾಗಿರಲಿಲ್ಲ.

ಅಕ್ಕೋರು ಪೇಪರಿನಲ್ಲಿ ನೋಡಿದರು. ಮರುದಿನ ಕೇಳಿದರು: "ಹೆಸರು ಹೋದ್ರ ಹೋಗ್ಲಿ ಮಾಸ್ತರ. ಯಾಕ ಮಾಡಿದ್ರಿ? ಅಷ್ಟ ಹೇಳ್ರಿ."

"ಫಾರಂ ತುಂಬೋ ಗಡಿಬಿಡಿಯೊಳಗ ತಪ್ಪಾತ್ರೀ ಅಕ್ಕೋರ. ಸರಿ ಮಾಡಸ್ತೀನಿ."

ಗಡಿಬಿಡಿಯಲ್ಲೂ ತನ್ನ ಹೆಸರನ್ನು ಮಾತ್ರ ತಪ್ಪಿಲ್ಲದೆ ಬರೆದಿದ್ದ, ಪುಣ್ಯಾತ್ಮ. ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇದೇ. ಅವತ್ತು ಅಕ್ಕೋರ ಕೈಯ ಚಹಾ ಹಾಗೇ ಆರಿತು.

ಬಹುಮಾನದ ವಸ್ತುವೆಂದು ನನ್ನನ್ನು ಹೆಡ್‌ಮಾಸ್ತರರ ಕೋಣೆಯ ಗಾಜಿನ ಕಪಾಟಿಗೆ ಹಾಕಿ ಬೀಗ ಜಡಿದರು. ಆಟದ ಹಲಗೆಯನ್ನು ಮುಟ್ಟಬೇಡಿ ಎಂದರೆ ಬದುಕಿದ್ದೇನು ಬಂತು? ಚಂದ್ರಕಾಂತ ಶಿಕ್ಷಣ ಇಲಾಖೆಯ ಸಾಹೇಬನಾಗಿ ಮೇಲಕ್ಕೆ ಹೋದ. ನನ್ನದೇ ರೂಪದ ರಟ್ಟಿನ ಆಟ ಮಾಡಿಸಿ ಶಾಲೆ ಶಾಲೆಗೆ ಹಂಚಿಸಿದ. ಅದರಲ್ಲಿ ದ್ರೋಹಿಯ ಚೀಟಿಯೇ ಇಲ್ಲ! "ಸಣ್ಣ ಮಕ್ಕಳಿಗೆ ಅದನ್ನೆಲ್ಲಾ ಯಾಕ್ರೀ ಕಲಸೋದು?" ಎಂದನಂತೆ. ಪ್ರತಿ ಸಲವೂ ಕಿತ್ತೂರೇ ಗೆಲ್ಲುತ್ತಿತ್ತು. ಮಕ್ಕಳು ಎರಡು ದಿನ ಆಡಿ, ಮೂರನೆಯ ದಿನ ಅದರಿಂದ ಗಾಳಿ ಬೀಸಿಕೊಂಡವು.

ಎಂಟು ವರ್ಷ ಹೀಗೆ ಕಳೆಯಿತು. ಅಕ್ಕೋರು ನಿವೃತ್ತರಾಗುವ ದಿನ ಬಂತು. ಏನು ಕಾಣಿಕೆ ಬೇಕೆಂದು ಕೇಳಿದರೆ, "ಆ ಹಲಗಿ ಹೊರಗ ತಗೀರಿ. ಒಂದ ಸಲ ಆಡೋಣು" ಎಂದರು. ಮುಖ್ಯ ಅತಿಥಿಯಾಗಿ ಚಂದ್ರಕಾಂತ ಬಂದಿದ್ದ. ಅವನನ್ನೂ ಕಿತ್ತೂರಿನ ಕಡೆ ಕೂರಿಸಿದರು.

ಚೀಟಿ ಎತ್ತಿದರು. ತೋಪು ಹಾರಿಸಿದಾಗಲೆಲ್ಲ ಸಗಣಿ. ಗೋಡೆ ಬಿತ್ತು, ಕೋಟೆ ಹೋಯಿತು. ದ್ರೋಹಿ ಯಾರೆಂದು ಕೇಳಿದರೆ ಮಕ್ಕಳೆಲ್ಲ ಒಂದೇ ಬಾಯಲ್ಲಿ, "ಸರ ಕಿವಿ ನೋಡ್ರಿ!" ಎಂದವು. ಹೌದು, ಕೆಂಡದಂತೆ ಕೆಂಪಗಾಗಿದ್ದವು. ಅವನು ತನ್ನ ಚೀಟಿ ಬಿಡಿಸಿ ತೋರಿಸಿದ. ಖಾಲಿ ಚೀಟಿ! ಸಭೆಯೆಲ್ಲ ನಕ್ಕಿತು.

ಅಕ್ಕೋರು ನಗಲಿಲ್ಲ. "ದ್ರೋಹಿ ಎದ್ದು ನಿಂದರಬೇಕು. ಯಾಕ ಮಾಡಿದೆ ಅಂತ ಹೇಳಬೇಕು" ಎಂದರು. ಅವರ ಕಣ್ಣು ಅವನ ಮೇಲೇ ಇತ್ತು.

ಅವನು ಅರ್ಧ ಎದ್ದ. ಸುಳ್ಳಲ್ಲ, ನಾನು ನೋಡಿದೆ. ಬಾಯಿ ತೆರೆದಿತ್ತು. ಅಷ್ಟರಲ್ಲಿ ಶಹನಾಜ ಎಂಬ ಹುಡುಗಿ ಎದ್ದು, "ನಾನ್ರೀ ಅಕ್ಕೋರ" ಎಂದಳು. ಅವನು ಶಾಲು ಸರಿ ಮಾಡಿಕೊಂಡವನಂತೆ ಮತ್ತೆ ಕೂತು ಬಿಟ್ಟ.

"ಯಾಕ ಮಾಡಿದಿ ನಮ್ಮವ್ವಾ?"

"ಯಾರೂ ನನ್ನ ನೋಡಾಕತ್ತಿರಲಿಲ್ರೀ. ಅದಕ್ಕ ಮಾಡಿದೆ."

"ಖರೆ ಹೇಳಿದಿ ನೋಡು. ನೀನರೆ ಹೇಳಿದಿ" ಎಂದು ಅಕ್ಕೋರು ಅವಳ ತಲೆ ಸವರಿದರು.

ಉಳಿದವರೆಲ್ಲ ಊಟಕ್ಕೆ ಹೋದ ಮೇಲೆ ಅಕ್ಕೋರ ಹತ್ತಿರ ಕಾಳಪ್ಪ ಬಂದು ನನ್ನನ್ನು ಮಗುಚಿದ. ಅಂಟಿಸಿದ್ದ ಆ ಚೀಟಿ ನೋಡಿ ಮುದುಕನಿಗೆ ರೇಗಿತು. "ಹೊಟ್ಟಿ ಮ್ಯಾಲಲ್ಲ, ಎದಿ ಮ್ಯಾಲೆ ಬರೀಬೇಕಾಗಿತ್ರೀ ಅಕ್ಕೋರ. ಉಳಿ ಐತಿ, ಕೆರದ ಬಿಡ್ಲೇನು?"

"ಬ್ಯಾಡೋ ಕಾಳಪ್ಪ. ಹಚ್ಚಿದವರ ತಗೀಲಿ."

ಈಗ ನಾನು ಶಾಲೆಯ ಉಗ್ರಾಣದಲ್ಲಿ ಗೋಡೆಗೆ ಎದೆ ಕೊಟ್ಟು ನಿಂತಿದ್ದೇನೆ, ಪಕ್ಕದಲ್ಲಿ ಒಡೆದ ಭೂಗೋಳ. ಅಕ್ಕೋರು ಶಾಲೆ ಬಿಟ್ಟು ಹೋಗಿ ಮೂರು ವರ್ಷವಾಯಿತು. ಹಚ್ಚಿದವನು ಇತ್ತ ತಲೆ ಹಾಕಲಿಲ್ಲ. ನಾನೂ ಮೊದಮೊದಲು ಬಾಗಿಲ ಸದ್ದಾದಾಗಲೆಲ್ಲ ಕಾದೆ, ನಾಚಿಕೆಗೆಟ್ಟವಳಂತೆ. ಬಂದದ್ದು ಜಿರಳೆಗಳು. ಗೋಂದಿನ ರುಚಿಗೆ ದಿನಾ ಒಂದಿಷ್ಟು ಕಾಗದ ಮೆಲ್ಲುತ್ತಿವೆ. ಮನುಷ್ಯನಿಂದ ಆಗದ ಕೆಲಸವನ್ನು ಅವು ಮಾಡುತ್ತಿವೆ, ಅವುಗಳ ಹೊಟ್ಟೆ ತಣ್ಣಗಿರಲಿ. ಚೀಟಿಯ ಕೆಳಗಿಂದ 'ಶಕುಂ' ಎಂಬ ಎರಡು ಅಕ್ಷರ ಆಗಲೇ ಹೊರಗೆ ಬಂದಿವೆ.