ಐನೂರ ಒಂಬತ್ತು ಎಳೆ ಗಿಡ

ಪೊಲೀಸ್ ಶಿಯಾಂಗ್ ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತು ಗಸಗಸೆ ಗಿಡ ಕೀಳುತ್ತಿದ್ದ. ಅವನ ಜೊತೆ ಬಂದಿದ್ದ ಎಳೆಯ ಪೇದೆ ಹತ್ತತ್ತು ಗಿಡಕ್ಕೆ ಒಂದು ಕಟ್ಟು ಮಾಡಿ ಹುಲ್ಲಿನಿಂದ ಬಿಗಿಯುತ್ತಿದ್ದ. ಅಫೀಮು ಕೊಡುವ ಗಿಡವೆಂದರೆ ಏನು, ಬೆರಳುದ್ದದ ಸಸಿ.

ರೊಂಗ್‌ಫೆನ್ ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತಿದ್ದಳು. ಬಿತ್ತಿದ್ದು ಅವಳ ಅತ್ತೆ, ಎಪ್ಪತ್ಮೂರು ವರ್ಷದ ಪೆಂಗ್ ದೈಝೆನ್. ಚೀನಾದ ಹುಬೇ ಪ್ರಾಂತ್ಯದ ಆ ಗುಡ್ಡಗಳಲ್ಲಿ ಹಂದಿಗೆ ಭೇದಿ ಹತ್ತಿದರೆ ಗಸಗಸೆ ಗಿಡ ಕುದಿಸಿ ಕುಡಿಸುವುದು ಹಿಂದಿನಿಂದ ಬಂದದ್ದು. ಮುದುಕಿಯರೆಲ್ಲ ಸಾಸಿವೆ ಚೆಲ್ಲಿದಂತೆ ಬೀಜ ಒತ್ತಾಗಿ ಚೆಲ್ಲುತ್ತಾರೆ. ಸಸಿ ಗೇಣುದ್ದ ಬಂದಮೇಲೆ ನಡುನಡುವೆ ಕಿತ್ತು ಸಾರಿಗೆ ಹಾಕಿ, ಐವತ್ತೋ ಅರವತ್ತೋ ಉಳಿಸಿಕೊಳ್ಳುತ್ತಾರೆ. ಇನ್ನು ಹದಿನೈದು ದಿನ ಬಿಟ್ಟು ಬಂದಿದ್ದರೆ ಪೊಲೀಸರಿಗೆ ಸಿಗುತ್ತಿದ್ದದ್ದು ಅಷ್ಟೇ.

"ಐನೂರರ ಒಳಗಿದ್ರೆ ಬೈದು, ದಂಡ ಹಾಕಿ ಬಿಡ್ತೀವಿ," ಎಂದು ಶಿಯಾಂಗ್ ಬಂದ ಕೂಡಲೇ ಹೇಳಿದ್ದ. "ಐನೂರು ಮುಟ್ಟಿದ್ರೆ ನನ್ನ ಕೈಲಿಲ್ಲ ಅಕ್ಕ. ಕೋರ್ಟಿಗೆ ಹೋಗುತ್ತೆ."

"ಹುಷಾರಾಗಿ ಕಟ್ಟಪ್ಪ," ಎಂದು ರೊಂಗ್‌ಫೆನ್ ಪೇದೆಗೆ ಚುಚ್ಚಿದಳು. "ಗಿಡ ತಪ್ಪಿಸ್ಕೊಂಡು ಓಡಿಹೋದಾವು."

ಮುದುಕಿಗೆ ಬೇರೆಯದೇ ಚಿಂತೆ. "ಬೇರು ಬಿಟ್ಟು ಕೀಳ್ತಿದ್ದೀಯಲ್ಲೋ ಮಗಾ. ಮತ್ತೆ ಚಿಗುರುತ್ತೆ. ನಿಮ್ಮಮ್ಮ ಇಷ್ಟೂ ಕಲಿಸಲಿಲ್ವಾ?" ಎಂದು ಶಿಯಾಂಗ್‌ನನ್ನು ಪಕ್ಕಕ್ಕೆ ಸರಿಸಿ ತಾನೇ ಕೀಳಲು ಕೂತಳು. ಅವಳ ಕೈ ಬೀಳುವುದೇ ತಡ, ಮಡಿ ಬೋಳಾಯಿತು.

ನಲವತ್ತೆಂಟು ಕಟ್ಟು, ಮೇಲೆ ಆರು. ಶಿಯಾಂಗ್ ಇನ್ನೊಮ್ಮೆ ಎಣಿಸಿ ಉಸಿರು ಬಿಟ್ಟ. "ನಾನೂರ ಎಂಬತ್ತಾರು. ಸಾಕು, ಮುಗೀತು. ಅಜ್ಜಿ, ಇನ್ಮೇಲೆ ಹಂದಿಗೆ ಹುಷಾರಿಲ್ದಿದ್ರೆ ಡಾಕ್ಟರನ್ನ ಕರೀರಿ." ಅವನು ಬೇಲಿ ಪಕ್ಕದ ಅವರೆ ಚಪ್ಪರದ ಕಡೆ ತಿರುಗಿಯೂ ನೋಡಲಿಲ್ಲ. ಒಳ್ಳೆಯವನೇ. ಅದು ರೊಂಗ್‌ಫೆನ್‌ಗೆ ಅರ್ಥವಾಯಿತು. ಅತ್ತೆಗೆ ಆಗಲಿಲ್ಲ.

"ಎಲ್ಲಿ ಮುಗೀತು?" ಎಂದಳು ದೈಝೆನ್, ಮೊಣಕಾಲಿಗೆ ಕೈಯೂರಿ ಏಳುತ್ತ. "ಅವರೆ ಚಪ್ಪರದ ಹಿಂದೆ ಇನ್ನೊಂದಿಷ್ಟು ಚೆಲ್ಲಿದ್ದೀನಿ."

"ಅತ್ತೆ, ಒಳಗೆ ಬನ್ನಿ. ನೀರು ಕಾದಿದೆ."

"ನಿಲ್ಲೇ. ಅವರು ಇಷ್ಟು ದೂರ ಬಂದಿದ್ದಾರೆ, ಅರ್ಧ ಕೆಲಸ ಮಾಡಿಸಿ ಕಳಿಸೋದಾ? ಮುಚ್ಚಿಟ್ರೆ ತಪ್ಪು. ತೋರಿಸಿದ್ರೆ ತಪ್ಪೇನಿದೆ?"

ಶಿಯಾಂಗ್‌ನ ಎದೆಯ ಮೇಲೆ ಎಲ್ಲವನ್ನೂ ದಾಖಲಿಸುವ ಕ್ಯಾಮೆರಾದ ದೀಪ ಕೆಂಪಗೆ ಉರಿಯುತ್ತಿತ್ತು. ಅವನು ಅದನ್ನೊಮ್ಮೆ ನೋಡಿದ, ಮುದುಕಿಯನ್ನೊಮ್ಮೆ ನೋಡಿದ. ಆಮೇಲೆ ಚಪ್ಪರದ ಹಿಂದೆ ಹೋದ. ಅಲ್ಲಿ ಇಪ್ಪತ್ಮೂರು ಸಸಿ ಇದ್ದವು.

ಕಾನೂನಿಗೆ ಕಣ್ಣಿಲ್ಲ ಎನ್ನುತ್ತಾರೆ. ಎಣಿಸುವುದಕ್ಕೆ ಮಾತ್ರ ಅದಕ್ಕೆ ಎಂಥ ಕಣ್ಣು! ನಾಲ್ಕು ತಿಂಗಳಲ್ಲಿ ಮುದುಕಿಯ ಹೆಸರಿನಲ್ಲಿ ಒಂದು ಕಡತ ಬೆಳೆಯಿತು. ಹಿತ್ತಲಿನ ಫೋಟೋ, ಕಟ್ಟುಗಳ ಫೋಟೋ, ಚಪ್ಪರದತ್ತ ಬೆರಳು ತೋರಿಸುತ್ತಿರುವ ಮುದುಕಿಯ ಫೋಟೋ. ಮಾದಕ ಗಿಡ ಬೆಳೆದ ಅಪರಾಧ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ.

ತಾಲ್ಲೂಕು ಕೋರ್ಟಿನಲ್ಲಿ ಮುದುಕಿಯ ಪರ ವಾದಿಸಲು ಸರ್ಕಾರ ಕೊಟ್ಟ ಎಳೆಯ ವಕೀಲೆ ಚೆನ್ನಾಗಿಯೇ ಮಾತಾಡಿದಳು. ಅವು ಸಸಿಗಳು, ಬಹುಪಾಲು ಸಾರಿಗೆ ಹೋಗುವಂಥವು, ಅದರಲ್ಲೂ ಕೊನೆಯವನ್ನು ಈಕೆಯೇ ತೋರಿಸಿದ್ದು ಎಂದಳು. ಸರ್ಕಾರಿ ವಕೀಲ ಕನ್ನಡಕ ತೆಗೆಯದೆ ಹೇಳಿದ: "ಎಷ್ಟು ಗಿಡ ಅಂತ ಕಾನೂನಿನಲ್ಲಿದೆ. ಎಷ್ಟು ಉದ್ದ ಅಂತ ಇಲ್ಲ."

ರೊಂಗ್‌ಫೆನ್ ಎದ್ದು ನಿಂತಳು. "ಮೊಟ್ಟೆ ಎಣಿಸಿ ಕೋಳಿ ಲೆಕ್ಕ ಬರೀತೀರಲ್ಲ, ನಾಚಿಕೆ ಆಗಲ್ವಾ ನಿಮ್ಗೆ?"

ಇನ್ನೊಂದು ಮಾತಾಡಿದರೆ ಹೊರಗೆ ಹಾಕಿಸುತ್ತೇನೆ ಎಂದ ನ್ಯಾಯಾಧೀಶ. ಅತ್ತೆಯೇ ಕಣ್ಣಲ್ಲಿ ಗದರಿ ಅವಳನ್ನು ಕೂರಿಸಿದಳು.

ತೀರ್ಪು ಅರ್ಧ ಪುಟವೂ ಇರಲಿಲ್ಲ. ತಪ್ಪಿತಸ್ಥೆ. ಆರು ತಿಂಗಳ ಶಿಕ್ಷೆ. ವಯಸ್ಸನ್ನೂ ತಪ್ಪೊಪ್ಪಿಕೊಂಡದ್ದನ್ನೂ ನೋಡಿ ಶಿಕ್ಷೆಯನ್ನು ತಡೆಹಿಡಿದಿದೆ. ಒಂದು ವರ್ಷ ಸರಿಯಾಗಿ ನಡೆದುಕೊಂಡರೆ ಜೈಲಿಲ್ಲ.

ಜನ ಎದ್ದರು. ದೈಝೆನ್ ಮಾತ್ರ ಕಟಕಟೆಯ ಪಕ್ಕದಲ್ಲೇ ನಿಂತಿದ್ದಳು. ಬೆಳಿಗ್ಗೆ ಬರುವಾಗಲೇ ಎರಡು ಜೊತೆ ಬಟ್ಟೆ, ಹತ್ತಿ ತುಂಬಿದ ಒಂದು ಅಂಗಿ ಗಂಟು ಕಟ್ಟಿ ತಂದಿದ್ದಳು. ಅದನ್ನೀಗ ಎತ್ತಿಕೊಂಡು ಕಾವಲಿನವನನ್ನು ಕೇಳಿದಳು: "ಯಾವ ಬಾಗಿಲಪ್ಪ?"

"ಮನೆಗೆ ಅತ್ತೆ," ಎಂದಳು ರೊಂಗ್‌ಫೆನ್, ಗಂಟಿಗೆ ಕೈ ಹಾಕುತ್ತ. "ಬಿಟ್ಟಿದ್ದಾರೆ. ಮೂರು ಗಂಟೆಯ ಬಸ್ಸಿದೆ."

ಮುದುಕಿ ಗಂಟು ಬಿಡಲಿಲ್ಲ. "ಅಪರಾಧಿ ಅಂತ ಓದಿ ಹೇಳಿದ್ರಲ್ಲೇ, ಅಷ್ಟು ಜನದ ಮುಂದೆ."

"ಹೇಳ್ಕೊಳ್ಳಲಿ ಬಿಡಿ."

"ಮನೆಗೆ ಹೋಗೋಕೆ ಊರೊಳಗೇ ಹಾಯಬೇಕಲ್ಲ," ಎಂದಳು ದೈಝೆನ್. ಅವಳ ದನಿ ಏರಲಿಲ್ಲ. "ಆರು ತಿಂಗಳು ಇಲ್ಲೇ ಇಟ್ಕೊಳ್ಳಿ ಅಂತ ಕೇಳೇ. ಮುಗಿಸ್ಕೊಂಡೇ ಬರ್ತೀನಿ."

ರೊಂಗ್‌ಫೆನ್‌ಳ ಬಾಯಿಗೆ ಇಡೀ ಊರು ಹೆದರುತ್ತಿತ್ತು. ಅವಳೀಗ ಗಂಟಿನಿಂದ ಕೈ ತೆಗೆದು ಅತ್ತೆಯ ಪಕ್ಕದ ಬೆಂಚಿನ ಮೇಲೆ ಕೂತಳು. ಮೂರು ಗಂಟೆಯ ಬಸ್ಸು ಹೋಯಿತು.