ಕಪ್ಪು ಪರದಿ ತಿರುಗಿ ಕೇಳಂಗಿಲ್ಲ

ನಮ್ಮ ಲಿಂಗಂಪಲ್ಲಿ ಕೂಲಿಕಾರರ ಸಂಘದಾಗ ಒಂದು ಹಳೇ ಕಂಪ್ಯೂಟರ್ ಐತಿ. ಅದನ್ನ ನೋಡ್ಕೊಳ್ಳಾಕಿ ನಾನೇ, ಭಾಗ್ಯಶ್ರೀ. ತಪ್ಪು ಮಾಡಿದಾಕಿನೂ ನಾನೇ. ಮತ್ತ್ಯಾರೋ ಯಾಕ ಹೇಳಬೇಕು, ನನ್ನ ಬಾಯಿಲೇ ಕೇಳ್ರಿ.

ಕಟ್ಟಡದ ಕೆಲಸದಾಗ ನಿಂತ ಹಲಗಿ ಮುರಿದು ಸೂಗಪ್ಪ ಬಿದ್ದು ಸತ್ತ. ಮರುದಿನ ಗುತ್ತೇದಾರ ಹಲಗಿ ಎಲ್ಲಾ ಸಾಗಿಸಿ, "ಅಂವಾ ಕುಡಿದು ಬಿದ್ದಾನ" ಅಂದ. ಸೂಗಪ್ಪನ ಹೆಂಡತಿ ಸುಗಲಮ್ಮ ಮುರುಕು ಹಲಗಿ ಫೋಟೋ ಮೊದಲೇ ತೆಗೆದಿದ್ಲು. ಅವನ್ನ ಸಂಘದ ಕಂಪ್ಯೂಟರಿಗೆ ಹಾಕಿದ್ವಿ. ಆಕಿ ಫೋನಿನಾಗ ಜಾಗ ಇಲ್ಲಂತ ಅಲ್ಲಿಂದ ತೆಗೆದುಬಿಟ್ವಿ.

ಮುಂದ ಕಂಪ್ಯೂಟರೂ ತುಂಬಿತು. ಹಳೇ ಮೀಟಿಂಗ್ ಫೋಟೋ ಅಳಿಸೋಣಂತ ಒಂದು ವೀಡಿಯೊ ನೋಡಿದೆ. ಕಂಪ್ಯೂಟರಿಗೆ ಬರೆದು ಹುಕುಂ ಕೊಡೋ ಕಪ್ಪು ಪರದಿ ತೆಗೀರಿ, ಈ ಒಂದು ಸಾಲು ಬರೀರಿ, ಎಂಟರ್ ಒತ್ತರಿ ಅಂದ ಅದರಾಗಿನಾಂವ. ಒತ್ತಿದೆ. ಅದು ತುಟಿಪಿಟಕ್ ಅನ್ನಲಿಲ್ಲ. ಜಾಗ ಆತಲ್ಲ ಅಂತ ಎರಡು ದಿನ ಹೊಸ ಫೋಟೋ ತುಂಬಿದೆ.

ಲೇಬರ್ ಆಫೀಸಿನಾಗ ಸೂಗಪ್ಪನ ಸಾವಿನ ವಿಚಾರಣಿ ಇತ್ತು; ಅದರ ಹಿಂದಿನ ದಿನ ಫೋಟೋ ಒಯ್ಯಾಕ ಸುಗಲಮ್ಮ ಬಂದ್ಲು. ನೋಡಿದ್ರ ಆಕಿ ಫೋಲ್ಡರೇ ಇಲ್ಲ! ಭಾನುವಾರ ನಮಗ ಕಂಪ್ಯೂಟರ್ ಕಲಿಸಾಕ ಬರೋ ಅಪೂರ್ವ ಮೇಡಂಗ ಫೋನ್ ಮಾಡಿದೆ. ಮೈಸೂರಿನವರು, ಇಲ್ಲೇ ಹತ್ರ ಮಾದಾಪುರದಾಗ ನೌಕರಿ. ಓಡಿ ಬಂದ್ರು.

"ಅಳಿಸಿದ್ದು ಕಸದ ಬುಟ್ಟಿಯಾಗ ಇರ್ತೈತಲ್ರಿ ಮೇಡಂ?" ಅಂದೆ.

"ಮೌಸ್‌ನಲ್ಲಿ ಅಳಿಸಿದ್ರೆ ಇರುತ್ತೆ. ಈ ಕಪ್ಪು ಪರದೆಗೆ ಬುಟ್ಟೀನೇ ಇಲ್ಲ, ಭಾಗ್ಯಶ್ರೀ. ಆ ಸಾಲು ಒತ್ತಿದ್ರೆ, ನೀವು ಯಾವ ಫೋಲ್ಡರ್ ಒಳಗೆ ಇರ್ತೀರೋ ಅಲ್ಲಿರೋದೆಲ್ಲ ಹೋಗುತ್ತೆ. ನೀವು ಮೀಟಿಂಗ್ ಫೋಲ್ಡರ್ ಒಳಗೆ ಹೋಗೇ ಇಲ್ಲ. ಎಲ್ಲಾ ಫೋಲ್ಡರ್ ಇರೋ ಕಡೆ ಹೊರಗೇ ನಿಂತು ಒತ್ತಿದ್ದೀರ, ಸುಗಲಮ್ಮನ ಫೋಲ್ಡರೂ ಹೋಯ್ತು."

"ಒಂದು ಸಲ ಕೇಳಬಾರದಿತ್ತೇನ್ರಿ ಅದು?"

"ಅದು ಕೇಳಲ್ಲ, ಬರೆದಿದ್ದನ್ನ ಮಾಡಿಬಿಡುತ್ತೆ. ನಾವೇ ಕೇಳ್ಬೇಕು. ಪಿಡಬ್ಲ್ಯೂಡಿ ಅಂತ ಬರೆದ್ರೆ ಎಲ್ಲಿದ್ದೀವಿ ಅಂತ ಹೇಳುತ್ತೆ. ಎಲ್ಎಸ್ ಅಂದ್ರೆ ಅಲ್ಲಿ ಏನೇನಿದೆ ಅಂತ ತೋರಿಸುತ್ತೆ. ತಪ್ಪಾದ ತಕ್ಷಣ ಕಂಪ್ಯೂಟರ್ ಆಫ್ ಮಾಡಿದ್ರೆ ಸ್ವಲ್ಪ ಆಸೆ ಇರ್ತಿತ್ತು. ಅದರ ಮೇಲೇ ಹೊಸದು ತುಂಬಿದ್ದೀರಲ್ಲ."

ಸಂಜೀತನಕ ಹುಡುಕಿದ್ರು. ಒಂದೂ ಸಿಗಲಿಲ್ಲ.

ಸುಗಲಮ್ಮ ನನ್ನ ಬೈಲಿಲ್ಲ. ಬೈದಿದ್ರ ಚಲೋ ಇತ್ತು. "ಹಂಗಾದ್ರ ನಾಳೆ ಅವರು ನನ್ನ ಗಂಡನ್ನ ಕುಡುಕ ಅಂತ ಬರಕೋತಾರಲ್ಲ, ತಂಗೀ?" ಅಂದ್ಲು. ಮರುದಿನ ಹಂಗೇ ಬರಕೊಂಡ್ರು.

ಈಗ ಸಂಘದಾಗ ಪ್ರತಿ ಫೋಟೋ ಎರಡು ಕಡೆ ಇಡ್ತೀವಿ. ಏನರ ಅಳಿಸೋದಿದ್ರ ಒಬ್ಬಾಕಿ ಓದಿ ಹೇಳಿದ ಮ್ಯಾಲೇ ಇನ್ನೊಬ್ಬಾಕಿ ಒತ್ತಬೇಕು. ಸುಗಲಮ್ಮನೂ ಕಲಿಯಾಕತ್ತಾಳ.

ಅಕ್ಕಗಳಿರಾ, ಅಣ್ಣಗಳಿರಾ, ಕಪ್ಪು ಪರದಿಗೆ ಅಂಜಬ್ಯಾಡ್ರಿ. ಆದ್ರ ಯಾರೋ ಹೇಳಿದ ಸಾಲು ಏನು ಮಾಡ್ತೈತಿ ಅಂತ ತಿಳಿಯದೇ ಎಂಟರ್ ಒತ್ತಬ್ಯಾಡ್ರಿ. ಸೂಗಪ್ಪ ಒಂದು ಹನಿ ಕುಡಿದಾಂವ ಅಲ್ಲ. ಅದನ್ನ ತೋರಿಸಾಕ ಇವತ್ತು ನನ್ನ ಹತ್ರ ಏನೂ ಇಲ್ರಿ.