ಸೇಲಾಳ ಕೊಡತಿ ನಿಂತಾಗ

ಟೋಂಗಾ ದ್ವೀಪದ ನಮ್ಮ ಊರಲ್ಲಿ ಮರದ ತೊಗಟೆಯನ್ನು ಕೊಡತಿಯಿಂದ ಬಡಿದು ಬಟ್ಟೆ ಮಾಡುವುದು ಹೆಂಗಸರ ಕಸುಬು. ನಮ್ಮ ಸಂಘಕ್ಕೆ ಹೊಸ ಕೆಲಸದ ಮನೆ ಕಟ್ಟುವಾಗ ಲೂಪೆ ಹಟ ಹಿಡಿದಳು. ಸಂಘದ ಮುಖ್ಯಸ್ಥೆ ಅವಳೇ.

"ಒಂದೇ ದಿಮ್ಮಿ ಮೇಲೆ ಎಲ್ರೂ ಬಡಿದಿದ್ದು ಸಾಕು. ನನ್ನ ತೊಗಟೆ ನೀನು ಕದ್ದೆ ಅಂತ ದಿನಾ ಜಗಳ. ಒಬ್ಬೊಬ್ರಿಗೆ ಒಂದೊಂದು ಗೂಡು ಮಾಡ್ಸೋಣ."

ನಾವೂ ತಲೆಯಾಡಿಸಿದೆವು. ಹಲಗೆ ಗೋಡೆಗಳು ಎದ್ದವು. ಜಗಳ ನಿಂತಿತು, ಅದರ ಜೊತೆ ಮಾತೂ ನಿಂತಿತು. ಮೊದಲು ಒಬ್ಬಳ ಕೈ ತಪ್ಪಿದರೆ ಎಲ್ಲರ ತಾಳ ಕೆಡುತ್ತಿತ್ತು. ಈಗ ಬರೀ ಗದ್ದಲ.

ಅವತ್ತು ಮಧ್ಯಾಹ್ನ ನರ್ಸ್ ಫೀನಾವು ಓಡೋಡಿ ಬಂದಳು.

"ಸೇಲಕ್ಕ ಎಲ್ಲಿ? ಸಕ್ಕರೆ ಕಾಯಿಲೆ ಮಾತ್ರೆ ನುಂಗಿದಾಳೆ, ಉಂಡಿಲ್ಲ. ಗೆಣಸು ಮನೇಲಿ ತಟ್ಟೇಲೇ ಇದೆ! ಮೈಯಲ್ಲಿ ಸಕ್ಕರೆ ಇಳಿದುಬಿಡುತ್ತೆ!"

ಸೇಲಾ ಲೂಪೆಯ ಸ್ವಂತ ಅಕ್ಕ.

"ನನ್ನ ಪಕ್ಕದ ಗೂಡಲ್ಲೇ ಬಡೀತಿದಾಳೆ ಬಿಡು," ಎಂದಳು ಲೂಪೆ.

"ನೋಡಿದ್ಯಾ?"

"ನೋಡೋದೇನು, ಕೇಳ್ಸಲ್ವಾ?"

"ಎಲ್ರೂ ಒಂದ್ಸಲ ಕೈ ನಿಲ್ಸಿ, ಸೇಲಕ್ಕ ಒಬ್ಳೇ ಬಡೀಲಿ," ಎಂದಳು ಫೀನಾವು.

ನಿಲ್ಲಿಸಿದೆವು. ಆ ಗೂಡಿನಿಂದ ಸದ್ದೇ ಇಲ್ಲ. ಎಲ್ಲರೂ ಅತ್ತ ಓಡಿದೆವು.

ಸೇಲಾ ಹಲಗೆಗೆ ಒರಗಿ ಕೂತಿದ್ದಳು. ಮೈಯೆಲ್ಲ ಬೆವರು, ಕೈ ಗಡಗಡ ನಡುಕ. ಫೀನಾವು ಸಕ್ಕರೆ ನೀರನ್ನು ಗುಟುಕು ಗುಟುಕಾಗಿ ಕುಡಿಸಿದಳು. ಬಹಳ ಹೊತ್ತಿನ ಮೇಲೆ ಸೇಲಾಳಿಗೆ ಮಾತು ಬಂತು.

"ಲೂಪೆ, ಕರೆದೆ ಕಣೇ. ಕೈಯಲ್ಲಿ ಆಗೋವರೆಗೂ ಹಲಗೆ ಬಡಿದೆ."

"ಅಯ್ಯೋ ಅಕ್ಕಾ, ನೀನು ತೊಗಟೆ ಬಡೀತಿದೀಯ ಅಂದ್ಕೊಂಡೆ!" ಲೂಪೆ ಗೊಳೋ ಎಂದು ಅತ್ತಳು. "ಈ ಗೋಡೆಯಿಂದಲೇ ಹೀಗಾಯ್ತು," ಎಂದರೂ ಅವಳ ಅನುಮಾನ ಹೋಗಲಿಲ್ಲ. "ಆದ್ರೆ ಗೋಡೆ ತೆಗೆದ್ರೆ ಮತ್ತೆ ಜಗಳ ಶುರುವಾಗುತ್ತಲ್ಲೇ?"

"ತೊಗಟೆ ಇಡೋಕೆ ಬೇರೆ ಬೇರೆ ಕಪಾಟು ಮಾಡ್ಕೊಳ್ಳಿ," ಎಂದಳು ಫೀನಾವು. "ಕೂರೋಕೆ ಯಾಕೆ ಬೇರೆ ಬೇರೆ?"

"ಗೋಡೆ ತೆಗೀರೇ," ಎಂದಳು ಸೇಲಾ. "ಜಗಳ ಆಡೋಕಾದ್ರೂ ನಾನು ಉಳ್ಕೋಬೇಕಲ್ಲ."

ಮರುದಿನ ಲೂಪೆಯೇ ಮೊದಲ ಹಲಗೆ ಕಿತ್ತಳು. ಆ ಹಲಗೆಗಳಲ್ಲೇ ಕಪಾಟುಗಳಾದವು. ಈಗ ನಡುವೆ ಉದ್ದನೆಯ ದಿಮ್ಮಿ, ಬಾಗಿಲ ಬಳಿ ಎಲ್ಲರೂ ಕೂತು ಉಣ್ಣಲು ಒಂದೇ ಚಾಪೆ. ಜಗಳವೂ ಆಗಾಗ ಬರುತ್ತದೆ, ಬರಲಿ. ಸೇಲಾಳ ಕೊಡತಿ ಒಂದು ಗಳಿಗೆ ತಡೆದರೆ ಸಾಕು, ಲೂಪೆಯ ಕೈ ತಾನಾಗಿ ನಿಲ್ಲುತ್ತದೆ. "ಅಕ್ಕಾ, ಉಂಡ್ಯಾ?"

ಅಕ್ಕತಂಗಿಯರೇ, ನಿಮ್ಮ ಸಂಘವೂ ಕೆಲಸದ ಮನೆ ಕಟ್ಟುತ್ತಿದೆಯೇ? ಹೊಲಿಗೆಯೋ ಹಪ್ಪಳವೋ, ಏನೇ ಇರಲಿ, ಸಾಮಾನಿಗೆ ಬೇರೆ ಬೇರೆ ಜಾಗ ಮಾಡಿ, ಮನುಷ್ಯರ ನಡುವೆ ಗೋಡೆ ಬೇಡ. ಎದುರುಬದುರು ಕೂತು ದುಡಿಯಿರಿ, ಒಟ್ಟಿಗೆ ಉಣ್ಣಿ. ಇವತ್ತೇ ಒಂದು ಕ್ಷಣ ಕೈ ನಿಲ್ಲಿಸಿ ಸುತ್ತ ನೋಡಿ. ಎಲ್ಲರ ಮುಖವೂ ಕಾಣುತ್ತಿದೆಯೇ?